ಕೌಂಟರ್ ನೋಡಿ ಗುಣ ಬದಲಿಸುವ ಕಣ

ಬೆಳ್ಳಿಯ ನ್ಯಾನೋ ಕಣಕ್ಕೆ ಇರುವಷ್ಟು ವ್ಯವಹಾರಜ್ಞಾನ ಬೇರೆ ಯಾವ ವಸ್ತುವಿಗೂ ಇದ್ದಂತಿಲ್ಲ. ಪೇಟೆಂಟ್ ಕೊಡುವ ಕೌಂಟರಿನಲ್ಲಿ ಅದು ಯಾರೂ ಹಿಂದೆ ಕಂಡಿರದ ಹೊಸ ವಸ್ತು. ಅಲ್ಲಿ ಠಸ್ಸೆ ಹಾಕಿಸಿಕೊಂಡು ಸುರಕ್ಷತೆಯ ಕೌಂಟರಿಗೆ ಬರುವಷ್ಟರಲ್ಲಿ ಅಜ್ಜ-ಮುತ್ತಜ್ಜಂದಿರ ಕಾಲದ ಅದೇ ಹಳೇ ಬೆಳ್ಳಿ. "ನನ್ನನ್ನೇನು ಪರೀಕ್ಷೆ ಮಾಡ್ತೀರಿ ಸ್ವಾಮಿ, ನಾನು ನಿಮಗೆ ಗೊತ್ತಿರೋನೇ ಅಲ್ವಾ?" ಮೂರನೆಯದು ಜಾಹೀರಾತಿನ ಕೌಂಟರ್. ಅಲ್ಲಿ ಮತ್ತೆ ಹೊಚ್ಚ ಹೊಸದು.

ನಿಜ ಹೇಳಬೇಕೆಂದರೆ ಮೊದಲ ಕೌಂಟರಿನಲ್ಲಿ ಅದು ಸುಳ್ಳು ಹೇಳಿಲ್ಲ. ಉದ್ದ, ಅಗಲ, ಎತ್ತರ ಒಂದೊಂದು ಸೆಂಟಿಮೀಟರ್ ಇರುವ ಬೆಳ್ಳಿ ತುಂಡಿನ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ನ್ಯಾನೋಮೀಟರಿನ, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಗಾತ್ರದ ತುಂಡುಗಳಾಗಿ ಮಾಡಿದರೆ ಒಟ್ಟು ಹೊರಮೈ 6,000 ಚದರ ಮೀಟರ್. ತೂಕ ಮಾತ್ರ ಇದ್ದಷ್ಟೇ. ರಾಸಾಯನಿಕ ಕ್ರಿಯೆ ನಡೆಯುವುದು ಹೊರಮೈಯಲ್ಲಿ ತಾನೆ? ಹಾಗಾಗಿ ಗಟ್ಟಿ ಬೆಳ್ಳಿ ಸುಮ್ನೆ ಕೂತಿರುವ ಕಡೆ ಈ ಪುಡಿ ಕೆಲಸಕ್ಕೆ ಇಳಿಯುತ್ತದೆ. ಕಂಪನಿಗಳು ಮಾರುವುದು ಈ ಚುರುಕನ್ನೇ. ಇದೇ ಚುರುಕು ನಮ್ಮ ಜೀವಕೋಶದೊಳಗೂ ಇರುತ್ತದೆಯೇ ಎಂದು ಕೇಳಿ ನೋಡಿ. ಕಣಕ್ಕೆ ತಟ್ಟನೆ ವಯಸ್ಸಾಗಿಬಿಡುತ್ತದೆ.

ಡಬ್ಬಿಯ ಮೇಲೆ ಬರೆದಿರುವುದನ್ನು ನಂಬುವುದಾದರೆ ಈ ಕಣ ರೋಗಾಣುವಿಗೆ ಯಮ, ಮನುಷ್ಯನಿಗೆ ಪರಮಮಿತ್ರ. ಯಾರು ಯಾರೆಂದು ಅದು ಹೇಗೆ ಗುರುತು ಹಿಡಿಯುತ್ತದೋ! ನಮ್ಮ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಇದೆಯಲ್ಲ, ಅದೇ ಮೂಲದಲ್ಲಿ ಬ್ಯಾಕ್ಟೀರಿಯಾ ವಂಶದ್ದು. ಕೋಟಿಗಟ್ಟಲೆ ವರ್ಷಗಳ ಹಿಂದೆ ಬೇರೆ ಕೋಶದೊಳಗೆ ಸೇರಿಕೊಂಡು ಅಲ್ಲೇ ನೆಲೆ ನಿಂತದ್ದು. ಪಾಪ, ಬೆಳ್ಳಿ ಕಣ ಎದುರಿಗೆ ಬಂದಾಗ ಅದು ಯಾವ ಗುರುತಿನ ಚೀಟಿ ತೋರಿಸಬೇಕು?

ಒಳಗೆ ಆಗುವುದು ಇಷ್ಟು. ಕೋಶ ಕಣವನ್ನು ತಾನಾಗಿಯೇ ನುಂಗುತ್ತದೆ. ನುಂಗಿದ್ದು ಲೈಸೊಸೋಮ್ ಎಂಬ ಚೀಲಕ್ಕೆ ಹೋಗುತ್ತದೆ. ಅಲ್ಲಿ ಪಿಎಚ್ ಸುಮಾರು 4.5ರಿಂದ 5, ಅಂದರೆ ಒಳ್ಳೇ ಹುಳಿ. ಆ ಹುಳಿಯಲ್ಲಿ ಕಣ ಕರಗುತ್ತಾ ಬೆಳ್ಳಿಯ ಅಯಾನುಗಳನ್ನು, ಅಂದರೆ ವಿದ್ಯುದಂಶ ಹೊತ್ತ ಬಿಡಿ ಪರಮಾಣುಗಳನ್ನು ಬಿಡುತ್ತದೆ. ಇಡೀ ಕಣವನ್ನು ಬರಮಾಡಿಕೊಂಡ ಕೋಶಕ್ಕೆ ಈಗ ಬಿಡಿ ಬಿಡಿಯಾಗಿ ಕಾಟ. ಆಕ್ಸಿಜನ್ನಿನ ಪುಂಡ ರೂಪಗಳು ಹುಟ್ಟುತ್ತವೆ. ಅವನ್ನು ಹಿಡಿದಿಡಬೇಕಾದ ಗ್ಲುಟಾಥಯೋನ್ ಖಾಲಿಯಾಗುತ್ತಾ ಬರುತ್ತದೆ. ಡಿಎನ್‌ಎಗೂ ಪೆಟ್ಟು ಬೀಳಬಹುದು. ಎಷ್ಟು ಪೆಟ್ಟು ಎನ್ನುವುದು ಪ್ರಮಾಣ, ಗಾತ್ರ, ಮೇಲಿನ ಲೇಪ, ಒಳಬಂದ ದಾರಿ ಎಲ್ಲವನ್ನೂ ನೋಡಿ ತೀರ್ಮಾನವಾಗುತ್ತದೆ. ಚಿನ್ನದ ಕಥೆ ಕೇಳಿ. 1.4 ನ್ಯಾನೋಮೀಟರಿನ ಚಿನ್ನದ ಕಣ ಪ್ರಯೋಗದ ತಟ್ಟೆಯಲ್ಲಿ ಕೋಶಗಳನ್ನು ಕೊಂದಿತು, 15 ನ್ಯಾನೋಮೀಟರಿನದು ಎಷ್ಟೋ ಪಟ್ಟು ಜಾಸ್ತಿ ಹಾಕಿದರೂ ಸುಮ್ಮನಿತ್ತು. ಇದು 2007ರಲ್ಲೇ ಪ್ರಕಟವಾದ ವಿಷಯ. ಆದರೂ "ಚಿನ್ನ ಒಳ್ಳೆಯದು" ಎಂದು ಒಂದೇ ಸಾಲು ಬರೆದರೆ ಮುಗಿಯಿತು ಎನ್ನುವವರಿಗೆ ಕೊರತೆಯಿಲ್ಲ.

ಇನ್ನು ಸಂಶೋಧನೆಯ ಕೌಂಟರ್. ತಟ್ಟೆಯಲ್ಲಿ ಪರೀಕ್ಷೆಗೆ ಹೆಚ್ಚಾಗಿ ಬಳಸುವ ಹೀಲಾ, ಎ549, ಹೆಪ್‌ಜಿ2 ಎಲ್ಲವೂ ಮನುಷ್ಯರ ಕ್ಯಾನ್ಸರ್ ಗಡ್ಡೆಗಳಿಂದ ಬಂದ ಕೋಶಗಳು. ಇದರಿಂದ ಒಂದು ದೊಡ್ಡ ಅನುಕೂಲ ಇದೆ. ಕಣ ಹಾಕಿದಾಗ ಕೋಶ ಸತ್ತರೆ, ಅನುದಾನ ವಿಷದ ಬಗ್ಗೆ ಇದ್ದಲ್ಲಿ "ಕಣ ವಿಷಕಾರಿ" ಎಂದು ಬರೆಯಬಹುದು. ಔಷಧಿಯ ಬಗ್ಗೆ ಇದ್ದಲ್ಲಿ "ಕ್ಯಾನ್ಸರ್ ನಿವಾರಕ" ಎಂದು ಬರೆಯಬಹುದು. ಕೋಶ ಅದೇ, ಸಾವೂ ಅದೇ. ಕಣವನ್ನು ಯಾವುದಾದರೂ ಎಲೆಯ ರಸದಲ್ಲಿ ತಯಾರಿಸಿದ್ದರೆ "ಹಸಿರು" ಎಂಬ ಬಿರುದೂ ಸಿಗುತ್ತದೆ. ಹಸಿರಾದ ಮೇಲೆ ವಿಷವೆಂದು ಕರೆಯಲು ಯಾರಿಗೆ ಮನಸ್ಸು ಬರುತ್ತದೆ? ಬ್ಲೀಚಿಂಗ್ ಪೌಡರ್ ಕೂಡ ಆ ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಸೋಲಿಸುತ್ತದೆ. ಅದಕ್ಕೆ ಎಲೆಯ ಯೋಗವಿಲ್ಲ, ಅಷ್ಟೇ.

ಸತ್ತವರ ಎಣಿಕೆಯಲ್ಲೂ ತಮಾಷೆ ಇದೆ. ಎಂಟಿಟಿ ಎಂಬ ಪರೀಕ್ಷೆಯಲ್ಲಿ ಬದುಕಿರುವ ಕೋಶಗಳು ಹಳದಿ ಬಣ್ಣವನ್ನು ನೇರಳೆ ಮಾಡುತ್ತವೆ. ಕೆಲವು ನ್ಯಾನೋ ಕಣಗಳು ಆ ಬಣ್ಣದ ಜೊತೆ ತಾವೇ ಕ್ರಿಯೆ ನಡೆಸುತ್ತವೆ. ಅಂದರೆ ಕೋಶ ಸತ್ತಿದ್ದರೂ ಲೆಕ್ಕದಲ್ಲಿ ಬದುಕಿರುತ್ತದೆ. ಸತ್ತವರ ಓಟನ್ನು ಬೇರೆಯವರು ಹಾಕಿ ಬರುವಂಥದ್ದೇ ಕಥೆ. ಕೋಶವಿಲ್ಲದೆ ಬರೀ ಕಣ ಹಾಕಿ ಬಣ್ಣ ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಅಷ್ಟೂ ಮಾಡದ ಲೇಖನಗಳು ಪ್ರಕಟವಾಗಿವೆ.

ಕಾಲುಚೀಲಕ್ಕೆ ಬರೋಣ. ವಾಸನೆ ಬರದಿರಲಿ ಎಂದು ಕಾಲುಚೀಲಕ್ಕೆ ಬೆಳ್ಳಿ ಸೇರಿಸುತ್ತಾರೆ. 2008ರಲ್ಲಿ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು ಅಂಥವನ್ನು ನೀರಿನಲ್ಲಿ ಒಗೆದು ನೋಡಿದರು. ಕೆಲವು ನಾಲ್ಕು ಒಗೆತದಲ್ಲಿ ಹೆಚ್ಚುಕಡಿಮೆ ಪೂರ್ತಿ ಬೆಳ್ಳಿ ಬಿಟ್ಟುಕೊಟ್ಟವು. ಕಾಲು ಪುನಃ ನಾರತೊಡಗಿತು, ಬೆಳ್ಳಿ ಚರಂಡಿ ಸೇರಿತು. ಚರಂಡಿ ನೀರು ಶುದ್ಧ ಮಾಡುವ ಘಟಕದಲ್ಲಿ ದುಡಿಯುವವರು ಯಾರು? ಬ್ಯಾಕ್ಟೀರಿಯಾಗಳು. (ಅಲ್ಲಿ ಬೆಳ್ಳಿಯ ಬಹುಪಾಲು ಗಂಧಕದ ಜೊತೆ ಸೇರಿ ತಣ್ಣಗಾಗುತ್ತದೆ. ಗಂಧಕ ಬಂದು ಕಾಪಾಡಿತು, ಕಂಪನಿ ಅಲ್ಲ.)

ಲೋಹದ ಆಕ್ಸೈಡುಗಳೂ ಕೌಂಟರ್ ವಿದ್ಯೆ ಕಲಿತಿವೆ. ತಿಂಡಿ ಬೆಳ್ಳಗೆ ಕಾಣಲಿ ಎಂದು ಹಾಕುತ್ತಿದ್ದ ಟೈಟಾನಿಯಂ ಡೈಆಕ್ಸೈಡ್, ಅಂದರೆ ಆಹಾರದ ಪೊಟ್ಟಣಗಳ ಸಂಕೇತದಲ್ಲಿ ಇ171 ಎನಿಸಿಕೊಳ್ಳುವ ಬಿಳಿ ಬಣ್ಣದಲ್ಲಿ ಒಂದು ಪಾಲು ನ್ಯಾನೋ ಗಾತ್ರದ್ದು. ಅದು ಡಿಎನ್‌ಎಗೆ ಹಾನಿ ಮಾಡುವುದಿಲ್ಲ ಎಂದು ಖಚಿತವಾಗಿ ಹೇಳಲಾಗದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ತಿಳಿಸಿತು. 2022ರಲ್ಲಿ ಯುರೋಪಿಯನ್ ಒಕ್ಕೂಟ ಅದನ್ನು ಆಹಾರದಿಂದ ತೆಗೆಸಿತು. ಮಾತ್ರೆಯಲ್ಲಿ ಮಾತ್ರ ಉಳಿಸಿತು. ಬದಲಿ ವಸ್ತು ಸಿಗದೆ ಔಷಧಿಗೆ ಕೊರತೆ ಆದೀತು ಎಂಬ ಕಾರಣವೇನೋ ಇದೆ. ಅಂತೂ ಬಾಯಿ ಒಂದೇ, ಗಂಟಲು ಒಂದೇ. ಮಿಠಾಯಿಯ ಕೌಂಟರಿನಿಂದ ಬಂದರೆ ಅನುಮಾನ, ಔಷಧಿಯ ಕೌಂಟರಿನಿಂದ ಬಂದರೆ ಸನ್ಮಾನ.

ಇಷ್ಟರ ನಡುವೆ, ಡಬ್ಬಿ ನೋಡಿಯೇ ಜನ ಹೆದರಿದ ಒಂದು ಪ್ರಸಂಗವೂ ಇದೆ. 2006ರಲ್ಲಿ ಜರ್ಮನಿಯಲ್ಲಿ 'ಮ್ಯಾಜಿಕ್ ನ್ಯಾನೋ' ಎಂಬ ಸ್ವಚ್ಛತೆಯ ಸ್ಪ್ರೇ ಬಂತು. ಬಳಸಿದವರಲ್ಲಿ ಸುಮಾರು 100 ಜನಕ್ಕೆ ಉಸಿರಾಟದ ತೊಂದರೆಯಾಯಿತು. ಕೆಲವರು ಆಸ್ಪತ್ರೆ ಸೇರಿದರು. ಸರಕನ್ನು ಮಾರುಕಟ್ಟೆಯಿಂದ ವಾಪಸ್ ತರಿಸಿದರು. ನ್ಯಾನೋ ತಂತ್ರಜ್ಞಾನದ ಮೊದಲ ಅನಾಹುತ ಎಂದು ಜಗತ್ತೆಲ್ಲ ಸುದ್ದಿಯಾಯಿತು. ಆಮೇಲೆ ಪರೀಕ್ಷೆ ಮಾಡಿ ನೋಡಿದರೆ ಡಬ್ಬಿಯಲ್ಲಿ ನ್ಯಾನೋ ಕಣಗಳೇ ಇರಲಿಲ್ಲ.