ಬಿದ್ದ ಹೆಲ್ಮೆಟ್ ಮತ್ತೆ ತಲೆಗೆ ಬೇಕಾ?

ನಿನ್ನೆ ದಾವಣಗೆರೆಯ ಪಿ.ಬಿ. ರಸ್ತೆ ಬದಿಯಲ್ಲಿ ತಮ್ಮನಿಗೆ ಹೆಲ್ಮೆಟ್ ನೋಡುತ್ತಿದ್ದೆ. ಒಂದರ ಒಳಬಟ್ಟೆ ಸರಿಸಿದೆ. ಪೆಟ್ಟು ತಡೆಯೋ ಥರ್ಮಾಕೋಲೇ ಇಲ್ಲ! ಬರೀ ತೆಳು ಸ್ಪಂಜು. ಹಿಂದಿದ್ದ ಐಎಸ್‌ಐ ಸ್ಟಿಕ್ಕರ್ ಉಗುರು ತಾಗಿಸಿದ್ದಕ್ಕೇ ಕಿತ್ತು ಬಂತು. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ್ದನ್ನು ಮಾರುವ ಹಾಗೇ ಇಲ್ಲ, ಅಲ್ವಾ? "ಪೊಲೀಸರು ಹಿಡಿಯಲ್ಲ, ತಗೊಳ್ಳಿ ಸಾರ್" ಅಂದ ಮಾರುವವ. ತಮ್ಮನ ತಲೆ ಇರೋದು ಪೊಲೀಸರಿಗಾಗಿಯಾ?

ಮನೆಗೆ ಬಂದರೆ ಅಪ್ಪ, "ನನ್ನ ಹಳೇದೇ ಇದೆಯಲ್ಲೋ, ಸುಮ್ನೆ ದುಡ್ಡು ಯಾಕೆ?" ಹರಿಹರದ ದಾರಿಯಲ್ಲಿ ಬಿದ್ದಾಗ ಟಾರಿಗೆ ಬಡಿದ ಹೆಲ್ಮೆಟ್ ಅದು! ಒಂದು ಸಲ ಜೋರು ಪೆಟ್ಟು ತಿಂದರೆ ಒಳಗಿನ ಥರ್ಮಾಕೋಲ್ ಅಮುಕಿ ಹೋಗುತ್ತದೆ, ಮತ್ತೆ ಉಬ್ಬಲ್ಲ. ಹೊರಗೆ ಹೊಳೆದರೆ ಸಾಕಾ? ಪಟ್ಟಿಯ ಲಾಕ್ ಬೇರೆ ಮುರಿದಿದೆ. ಬೈಕಿನ ಸೀಟ್ ಕವರ್ ಹರಿದರೆ ಅವತ್ತೇ ಹೊಲಿಸ್ತೀವಿ. ತಲೆಗೆ ಮಾತ್ರ ಯಾಕೆ ಇಷ್ಟು ಜಿಪುಣತನ?