ಹೋಗ್ತೀವಿ ಹೋಗ್ತೀವಿ ಅಂತ ಬಾಗಿಲಲ್ಲೇ ನಿಂತವರು

2019ರ ಏಪ್ರಿಲ್ 4ರಂದು ಬ್ರಿಟನ್ ಸಂಸತ್ತಿನ ಕೆಳಮನೆಯಲ್ಲಿ ಮೇಲಿನಿಂದ ನೀರು ಸುರಿಯತೊಡಗಿತು. ಕಲಾಪ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸಿದರು. ಇದು ಒಳಚರಂಡಿ ನೀರಲ್ಲ ಎಂದು ಸಂಸತ್ತಿನ ಕಡೆಯಿಂದ ಸ್ಪಷ್ಟನೆಯೂ ಬಂತು. ಪಾಪ, ಆ ಹೊತ್ತಿಗೆ ಜನ ಒಳಚರಂಡಿ ನೀರೇ ಅಂದರೂ ನಂಬುವ ಸ್ಥಿತಿಯಲ್ಲಿದ್ದರು.

ಹಿಂದಿನ ದಿನವಷ್ಟೇ ಅದೇ ಸಭಾಂಗಣದಲ್ಲಿ ಒಂದು ಮತದಾನ 310–310 ಸಮ ಆಗಿತ್ತು. ಯಾವುದರ ಬಗ್ಗೆ ಗೊತ್ತಾ? ಇನ್ನೊಂದು ಸುತ್ತು ಮತದಾನ ಇಟ್ಟುಕೊಳ್ಳೋಣವೋ ಬೇಡವೋ ಅನ್ನುವುದರ ಬಗ್ಗೆ. ಸ್ಪೀಕರ್ ಜಾನ್ ಬರ್ಕೋ ತಮ್ಮ ಮತವನ್ನು ಬೇಡ ಎನ್ನುವ ಕಡೆ ಹಾಕಿ ಕೈ ತೊಳೆದುಕೊಂಡರು. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟು ಹೊರಡಬೇಕಾದ ದಿನ, ಅಂದರೆ ಬ್ರೆಕ್ಸಿಟ್ ದಿನ, ಕಳೆದು ಆಗಲೇ ಐದು ದಿನ ಆಗಿತ್ತು.

ಇಷ್ಟಕ್ಕೆಲ್ಲ ಮೂಲ 2016ರ ಜೂನ್ 23ರ ಜನಮತಗಣನೆ. ಚೀಟಿಯಲ್ಲಿದ್ದದ್ದು ಎರಡೇ ಆಯ್ಕೆ. ಒಕ್ಕೂಟದಲ್ಲಿ ಇರೋದು, ಇಲ್ಲಾ ಬಿಟ್ಟು ಹೋಗೋದು. ಶೇ 51.9ರಷ್ಟು ಮತ ಹೋಗೋಣ ಎಂದಿತು. ಎಲ್ಲಿಗೆ ಅಂತ ಚೀಟಿಯಲ್ಲಿ ಕೇಳಿರಲಿಲ್ಲ. ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಕೊಡ್ತಿದ್ದೀವಿ, ಅದನ್ನು ನಮ್ಮ ಆಸ್ಪತ್ರೆಗಳಿಗೆ ಕೊಡೋಣ ಎಂದು ಒಂದು ಕೆಂಪು ಬಸ್ಸಿನ ಮೇಲೆ ಬರೆದಿತ್ತು. ಬಸ್ಸು ಊರೂರು ತಿರುಗಿತು. ಲೆಕ್ಕ ತಪ್ಪು ಎಂದು ಅಂಕಿಅಂಶದವರು ಬಾಯಿ ಬಡಿದುಕೊಂಡರು. ಕೇಳುವವರಾರು?

ಪಕ್ಷದೊಳಗಿನ ಜಗಳ ತೀರಲಿ ಅಂತ ಜನಮತ ಕೇಳಿದ್ದ ಪ್ರಧಾನಿ ಡೇವಿಡ್ ಕ್ಯಾಮರೂನ್ ಮರುದಿನ ಬೆಳಿಗ್ಗೆಯೇ ರಾಜೀನಾಮೆ ಘೋಷಿಸಿದರು. ಮುಂದಿನ ತಿಂಗಳು, ಉತ್ತರಾಧಿಕಾರಿ ಯಾರೆಂದು ಹೇಳಿ ಮನೆಯೊಳಗೆ ಹೋಗುವಾಗ ಅವರು ಒಂದು ರಾಗ ಗುನುಗಿದ್ದು ಮೈಕಿನಲ್ಲಿ ದಾಖಲಾಗಿದೆ. ದೇಶಕ್ಕೆ ಬೆಂಕಿ ಹತ್ತಿದೆ, ಆದರೆ ಇನ್ನು ಮುಂದೆ ಅದು ತೆರೇಸಾ ಮೇ ಅವರ ತಲೆನೋವು. ಯಾರಾದರೂ ಗುನುಗುತ್ತಾರೆ ಬಿಡಿ.

ಮೇ ಅವರು ಬಂದವರೇ "ಬ್ರೆಕ್ಸಿಟ್ ಅಂದ್ರೆ ಬ್ರೆಕ್ಸಿಟ್" ಎಂದರು. ಪರೀಕ್ಷೆಯಲ್ಲಿ ಹೀಗೆ ಉತ್ತರ ಬರೆದರೆ ಯಾವ ಮೇಷ್ಟ್ರೂ ಮಾರ್ಕ್ಸ್ ಕೊಡಲ್ಲ. 2017ರ ಮಾರ್ಚ್ 29ಕ್ಕೆ ಒಕ್ಕೂಟದ ಕೇಂದ್ರ ಬ್ರಸೆಲ್ಸ್‌ಗೆ ಹೊರಡ್ತೀವಿ ಎಂದು ಪತ್ರ ಕಳಿಸಿದರು. ಅಲ್ಲಿಂದ ಎರಡು ವರ್ಷದ ಗಡುವು ಶುರು. ಗಡಿಯಾರ ಓಡುತ್ತಿರುವಾಗಲೇ ಇದ್ದ ಬಹುಮತ ಜಾಸ್ತಿ ಮಾಡಿಕೊಳ್ಳೋಣ ಅಂತ ಚುನಾವಣೆ ಕರೆದು, ಇದ್ದದ್ದನ್ನೂ ಕಳೆದುಕೊಂಡರು. ಆಮೇಲೆ ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷದ 10 ಸಂಸದರ ಬೆಂಬಲ ಬೇಕಾಯಿತು. ಅದಕ್ಕೆ ಉತ್ತರ ಐರ್ಲೆಂಡಿಗೆ 100 ಕೋಟಿ ಪೌಂಡ್ ಅನುದಾನ.

ಈ ಉತ್ತರ ಐರ್ಲೆಂಡೇ ನೋಡಿ ಎಲ್ಲರ ಗಂಟಲಲ್ಲಿ ಸಿಕ್ಕಿಕೊಂಡದ್ದು. ಒಂದೇ ದ್ವೀಪ. ದಕ್ಷಿಣದ ಐರ್ಲೆಂಡ್ ಒಕ್ಕೂಟದಲ್ಲೇ ಇರುತ್ತದೆ, ಉತ್ತರದ ತುಂಡು ಬ್ರಿಟನ್ ಜೊತೆ ಹೊರಗೆ ಬರುತ್ತದೆ. ನಡುವೆ ಸುಮಾರು 500 ಕಿಲೋಮೀಟರ್ ಗಡಿ. ದಶಕಗಳ ರಕ್ತಪಾತದ ನಂತರ 1998ರಲ್ಲಿ ಅಲ್ಲಿ ಶಾಂತಿ ಒಪ್ಪಂದ ಆಗಿತ್ತು. ಸೈನಿಕರ ಕಾವಲು ಗೋಪುರಗಳು ಹೋಗಿ, ಹಸು ಕುರಿಗಳು ಕೂಡ ಗಡಿ ಎಲ್ಲಿದೆ ಅಂತ ಮರೆತಿದ್ದವು. ಈಗ ಸುಂಕದ ಒಕ್ಕೂಟ (ಸದಸ್ಯ ದೇಶಗಳ ನಡುವೆ ಸುಂಕವಿಲ್ಲದ ಏರ್ಪಾಡು) ಬಿಡಬೇಕು, ನೆಲದ ಗಡಿಯಲ್ಲಿ ತಪಾಸಣೆ ಇರಬಾರದು, ಉತ್ತರ ಐರ್ಲೆಂಡಿಗೂ ಬ್ರಿಟನ್ನಿಗೂ ನಡುವಿನ ಸಮುದ್ರದಲ್ಲೂ ಇರಬಾರದು. ಮೂರರಲ್ಲಿ ಎರಡು ಸಾಧ್ಯ. ಹೊರಡುವ ಗುಂಪಿಗೆ ಮೂರೂ ಬೇಕು. ತಂತ್ರಜ್ಞಾನ ನೋಡ್ಕೊಳ್ಳುತ್ತೆ ಅಂದರು. ಯಾವ ತಂತ್ರಜ್ಞಾನ ಅಂತ ಕೇಳಿದರೆ, ಅದೇ, ಮುಂದೆ ಬರುತ್ತಲ್ಲ ಅದು.

ಬೇರೆ ದಾರಿ ಸಿಗುವವರೆಗೆ ಇಡೀ ಬ್ರಿಟನ್ನನ್ನೇ ಸುಂಕದ ಚೌಕಟ್ಟಿನೊಳಗೆ ಇಡೋಣ ಎಂದು ಮೇ ಅವರು 585 ಪುಟದ ಒಪ್ಪಂದ ತಂದರು. ಇದು ಗುಲಾಮಗಿರಿ ಎಂದಿತು ಹೊರಡುವ ಗುಂಪು. ಇದಕ್ಕಿಂತ ಒಳಗಿರೋದೇ ವಾಸಿ ಎಂದಿತು ಉಳಿಯುವ ಗುಂಪು. ವಿರೋಧ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಅಡ್ಡಗೋಡೆ ಮೇಲೆ ದೀಪ ಇಟ್ಟರು. ಆ ಸಂಸತ್ತಿನಲ್ಲಿ ಮತ ಹಾಕೋದು ಗುಂಡಿ ಒತ್ತಿ ಅಲ್ಲ. ಹೌದು ಎನ್ನುವವರು ಒಂದು ಓಣಿಯಲ್ಲಿ, ಇಲ್ಲ ಎನ್ನುವವರು ಇನ್ನೊಂದು ಓಣಿಯಲ್ಲಿ ನಡೆದುಹೋಗಬೇಕು, ಬಾಗಿಲಲ್ಲಿ ತಲೆ ಎಣಿಸುತ್ತಾರೆ. ನಮ್ಮಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ. ಅಲ್ಲಿ ಎತ್ತೂ ಕೋಣವೂ ಒಂದೇ ಓಣಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಡೆದವು. 2019ರ ಜನವರಿ 15ರಂದು ಒಪ್ಪಂದದ ಪರ 202, ವಿರುದ್ಧ 432. ಅಲ್ಲಿನ ಇತಿಹಾಸದಲ್ಲೇ ಯಾವ ಸರ್ಕಾರವೂ ಇಷ್ಟು ದೊಡ್ಡ ಸೋಲು ಕಂಡಿರಲಿಲ್ಲ.

ಮರುದಿನ ಅದೇ ಸದನ ಅದೇ ಸರ್ಕಾರದ ಮೇಲೆ ವಿಶ್ವಾಸ ಇದೆ ಎಂದು ಮತ ಹಾಕಿತು, 325–306. ನಿಮ್ಮ ಒಂದೇ ಒಂದು ಕೆಲಸ ನಮಗೆ ಹಿಡಿಸಿಲ್ಲ, ಆದರೆ ನೀವೇ ಮಾಡ್ತಾ ಇರಿ ಅಂತ.

ಮಾರ್ಚ್ 12ಕ್ಕೆ ಒಪ್ಪಂದ ಮತ್ತೆ ಬಂತು, 149 ಮತದಿಂದ ಬಿತ್ತು. ಮೂರನೇ ಸಲ ತರೋಣ ಎಂದಾಗ ಬರ್ಕೋ 1604ನೇ ಇಸವಿಯ ಪದ್ಧತಿಯೊಂದನ್ನು ಧೂಳು ಕೊಡವಿ ತೆಗೆದರು. ಒಂದೇ ಪ್ರಶ್ನೆಯನ್ನು ಒಂದೇ ಅಧಿವೇಶನದಲ್ಲಿ ಮತ್ತೆ ಮತ್ತೆ ಕೇಳುವಂತಿಲ್ಲ. ಆಗ ಮೇ ಅವರು ಕೊನೆಯ ಅಸ್ತ್ರ ಬಿಟ್ಟರು: ಒಪ್ಪಂದ ಗೆಲ್ಲಿಸಿ, ನಾನು ಹೋಗ್ತೀನಿ. ಸೋತರೆ ಹೋಗೋದನ್ನು ನೋಡಿದ್ದೇವೆ. ಗೆದ್ದರೆ ಹೋಗ್ತೀನಿ ಅನ್ನೋದು ಹೊಸದು. ಒಪ್ಪಂದವನ್ನೇ ಒಂದಿಷ್ಟು ಕತ್ತರಿಸಿ ಮಾರ್ಚ್ 29ಕ್ಕೆ ಸದನದ ಮುಂದಿಟ್ಟರು. 58 ಮತದಿಂದ ಸೋತರು, ಹಾಗಾಗಿ ಉಳಿದರು. ಗಡುವು ಮುಂದೂಡುವ ನಿರ್ಣಯಕ್ಕಂತೂ ಇನ್ನೂ ಮಜಾ. ಬ್ರೆಕ್ಸಿಟ್ ಸಚಿವ ಸ್ಟೀವನ್ ಬಾರ್ಕ್ಲೇ ಸರ್ಕಾರದ ಪರವಾಗಿ ನಿಂತು, ದಯವಿಟ್ಟು ಇದನ್ನು ಬೆಂಬಲಿಸಿ ಎಂದು ಭಾಷಣ ಮುಗಿಸಿದರು. ಎದ್ದು ಹೋಗಿ ಅದರ ವಿರುದ್ಧ ಮತ ಹಾಕಿದರು.

ಸರ್ಕಾರದಿಂದ ಆಗದ್ದನ್ನು ನಾವೇ ಮಾಡ್ತೀವಿ ಎಂದು ಸಂಸದರು ಹೊರಟದ್ದು ಮಾರ್ಚ್ 27ಕ್ಕೆ. ಎಂಟು ಆಯ್ಕೆ ಇಟ್ಟುಕೊಂಡರು. ಓಣಿಯಲ್ಲಿ ನಡೆದರೆ ತಡ ಆಗುತ್ತೆ ಅಂತ ಕಾಗದದ ಚೀಟಿ ಕೊಟ್ಟು, ಭರ್ತಿ ಮಾಡಲು ಅರ್ಧ ಗಂಟೆ ಕೊಟ್ಟರು. ಎಂಟೂ ಬಿದ್ದವು. ಒಪ್ಪಂದ ಇಲ್ಲದೆ ಹೋಗೋದಾ? 400 ಜನ ಬೇಡ ಎಂದರು. ಹಾಗಾದರೆ ಹೋಗೋದನ್ನೇ ಬಿಡೋಣವಾ? ಅದೂ ಬೇಡ. ಮತ್ತೆ ಜನರನ್ನೇ ಕೇಳೋಣವಾ? ಅಯ್ಯೋ, ಒಂದು ಸಲ ಕೇಳಿದ್ದೇ ಸಾಕು. ಏಪ್ರಿಲ್ 1ಕ್ಕೆ, ದಿನ ಬೇರೆ ಎಂಥದ್ದು ನೋಡಿ, ನಾಲ್ಕು ಆಯ್ಕೆ ಉಳಿಸಿಕೊಂಡು ಮತ್ತೆ ಹಾಕಿದರು. ಮೇಲಿನ ಗ್ಯಾಲರಿಯಲ್ಲಿ ಹವಾಮಾನ ಚಳವಳಿಯವರು ಬಟ್ಟೆ ಬಿಚ್ಚಿ ಗಾಜಿಗೆ ಬೆನ್ನು ತಿರುಗಿಸಿ ನಿಂತಿದ್ದರು. ನಾಲ್ಕೂ ಬಿದ್ದವು, ಒಂದಂತೂ ಮೂರೇ ಮತದಿಂದ.

ಅವತ್ತು ಫಲಿತಾಂಶ ಓದಿದ ಮೇಲೆ ನಿಕ್ ಬೋಲ್ಸ್ ಎಂಬ ಆಡಳಿತ ಪಕ್ಷದ ಸಂಸದ ಎದ್ದು ನಿಂತರು. ರಾಜಿಗಾಗಿ ಕೈಲಾದದ್ದೆಲ್ಲ ಮಾಡಿದೆ, ನನ್ನ ಪಕ್ಷ ರಾಜಿಗೆ ಒಪ್ಪದ ಕಾರಣ ಸೋತೆ, ಇನ್ನು ಈ ಪಕ್ಷದಲ್ಲಿ ಕೂರಲಾರೆ ಎಂದರು. "ಅಯ್ಯೋ ನಿಕ್, ಹೋಗ್ಬೇಡ" ಎಂದು ಪಕ್ಕದಿಂದ ಯಾರೋ ಕೂಗಿದರು. ಅವರು ಕಾಗದ ಎತ್ತಿಕೊಂಡು ಬಾಗಿಲ ಕಡೆ ನಡೆದೇಬಿಟ್ಟರು. ಹೊರಡೋದು ಅಂದ್ರೆ ಹೀಗೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಇತ್ತ ಸರ್ಕಾರಿ ಯಂತ್ರಕ್ಕೆ ಮಾತ್ರ ಪುರುಸೊತ್ತಿರಲಿಲ್ಲ. ಒಪ್ಪಂದ ಆಗದೇ ಹೋದರೆ ಡೋವರ್ ಬಂದರಿನಲ್ಲಿ ಲಾರಿಗಳು ಸಾಲುಗಟ್ಟುತ್ತವೆ ಎಂಬ ಭಯ. ಅದಕ್ಕೊಂದು ಟ್ರಾಫಿಕ್ ಜಾಮ್ ರಿಹರ್ಸಲ್ ಇಟ್ಟರು. 150 ಲಾರಿ ಬೇಕಿತ್ತು, ಬಂದದ್ದು 89. ಪಾಳು ವಿಮಾನ ನಿಲ್ದಾಣದಿಂದ ಹೊರಟು ಬಂದರಿನವರೆಗೆ ಓಡಿ ವಾಪಸ್ ಬಂದವು. ಜಾಮೇ ಆಗಲಿಲ್ಲ.

ಹೆಚ್ಚುವರಿ ಹಡಗು ಬೇಕಾದೀತು ಅಂತ ಸಾರಿಗೆ ಸಚಿವ ಕ್ರಿಸ್ ಗ್ರೇಲಿಂಗ್ ಅವರ ಇಲಾಖೆ ಸೀಬೋರ್ನ್ ಫ್ರೈಟ್ ಎಂಬ ಕಂಪನಿಗೆ 1.38 ಕೋಟಿ ಪೌಂಡ್ ಗುತ್ತಿಗೆ ಕೊಟ್ಟಿತು. ಕಂಪನಿ ಹತ್ತಿರ ಎಲ್ಲ ಇತ್ತು, ಹಡಗೊಂದು ಬಿಟ್ಟು. ಅವರ ವೆಬ್‌ಸೈಟಿನ ನಿಯಮಗಳನ್ನು ಯಾರೋ ಪುಣ್ಯಾತ್ಮರು ಕೂತು ಓದಿದರು. ಊಟ ಮನೆಗೆ ತಲುಪಿಸುವ ಯಾವುದೋ ಹೋಟೆಲಿನ ನಿಯಮಗಳನ್ನು ಹಾಗೇ ಎತ್ತಿ ಹಾಕಿದಂತಿತ್ತು. ಆರ್ಡರ್ ಮಾಡುವ ಮುನ್ನ ತಿನಿಸನ್ನು ಸರಿಯಾಗಿ ನೋಡಿಕೊಳ್ಳಿ ಅಂತೆಲ್ಲ. ಫೆಬ್ರವರಿಯಲ್ಲಿ ಗುತ್ತಿಗೆ ರದ್ದಾಯಿತು. ನಮ್ಮನ್ನು ಯಾಕೆ ಕೇಳಲಿಲ್ಲ ಎಂದು ಸಮುದ್ರದಡಿಯ ಸುರಂಗದ ಕಂಪನಿ ಕೋರ್ಟಿಗೆ ಹೋಯಿತು. ಸರ್ಕಾರ 3.3 ಕೋಟಿ ಪೌಂಡ್ ಕೊಟ್ಟು ರಾಜಿ ಮಾಡಿಕೊಂಡಿತು. ಇಲ್ಲದ ಹಡಗಿಗಿಂತ ಕೇಳದೇ ಬಿಟ್ಟ ತಪ್ಪೇ ದುಬಾರಿ ಆಯಿತು.

ಏಪ್ರಿಲ್‌ನಲ್ಲಿ ಒಕ್ಕೂಟ ಅಕ್ಟೋಬರ್ 31ರವರೆಗೆ ಟೈಮ್ ಕೊಟ್ಟಿತು. ದಯವಿಟ್ಟು ಈ ಸಮಯ ಹಾಳು ಮಾಡಬೇಡಿ ಎಂದು ಆಗಿನ ಯುರೋಪಿಯನ್ ಕೌನ್ಸಿಲ್ ಅಧ್ಯಕ್ಷ ಡೊನಾಲ್ಡ್ ಟಸ್ಕ್ ಕೈಮುಗಿಯುವಂತೆ ಹೇಳಿದರು. ಸಂಸದರು ಈಸ್ಟರ್ ರಜೆಗೆ ಹೋದರು. ಮೇ ತಿಂಗಳಲ್ಲಿ, ಬಿಟ್ಟು ಹೋಗಬೇಕಿದ್ದ ಅದೇ ಯುರೋಪಿನ ಸಂಸತ್ತಿಗೆ ಬ್ರಿಟನ್ ಚುನಾವಣೆ ನಡೆಸಿತು. ಅತಿ ಹೆಚ್ಚು ಸ್ಥಾನ ಗೆದ್ದದ್ದು ಬ್ರೆಕ್ಸಿಟ್ ಪಾರ್ಟಿ. 29 ಜನ ಆ ಸಂಸತ್ತು ಬೇಡವೆಂದು ಹೇಳಲು ಅಲ್ಲಿಗೇ ಹೋಗಿ ಕೂತರು, ಸಂಬಳದ ಮೇಲೆ.

ಜುಲೈನಲ್ಲಿ ಮೇ ಅವರ ಜಾಗಕ್ಕೆ ಬೋರಿಸ್ ಜಾನ್ಸನ್ ಪ್ರಧಾನಿಯಾಗಿ ಬಂದರು. ಗಡುವು ಮುಂದೂಡಿ ಎಂದು ಕೇಳುವ ಬದಲು ಹಳ್ಳದಲ್ಲಿ ಬಿದ್ದು ಸಾಯ್ತೀನಿ ಎಂದರು. ಸಂಸತ್ತನ್ನೇ ಮುಚ್ಚಿಸಿದರು. ಅದು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದರು. ಇಡೀ ಪ್ರಕರಣದಲ್ಲಿ ಒಮ್ಮತ ಅಂತ ಕಂಡದ್ದು ಅಲ್ಲೊಂದೇ ಕಡೆ. ಕೊನೆಗೆ ಅಕ್ಟೋಬರ್ 19ಕ್ಕೆ ಗಡುವು ಕೇಳುವ ಪತ್ರ ಹೋಯಿತು, ಸಹಿ ಇಲ್ಲದೆ. ಜೊತೆಗೆ ಸಹಿ ಇರುವ ಇನ್ನೊಂದು ಪತ್ರ: ಗಡುವು ಕೊಡೋದು ತಪ್ಪು ಅಂತ. ಒಕ್ಕೂಟ ಕೊಟ್ಟಿತು. ಹಳ್ಳ ಖಾಲಿ ಉಳಿಯಿತು.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರ ಕಥೆ ಹೇಳಲೇಬೇಕು. ಎಲ್ಲ ದೇಶಗಳೊಂದಿಗೆ ಶಾಂತಿ, ಸಮೃದ್ಧಿ, ಸ್ನೇಹ ಎಂದು ಬರೆದ 50 ಪೆನ್ಸ್ ನಾಣ್ಯಗಳು ಅಷ್ಟರಲ್ಲಿ ಟಂಕಸಾಲೆಯಲ್ಲಿ ತಯಾರಾಗುತ್ತಿದ್ದವು. ದಿನಾಂಕ: 31 ಅಕ್ಟೋಬರ್ 2019. ಸುಮಾರು 10 ಲಕ್ಷ ನಾಣ್ಯವನ್ನು ಕರಗಿಸಿ, ಹೊಸ ದಿನಾಂಕದೊಂದಿಗೆ ಮತ್ತೆ ಅಚ್ಚು ಹಾಕಬೇಕಾಯಿತು.

ಹೊಸ ದಿನಾಂಕ 2020ರ ಜನವರಿ 31. ನಮ್ಮ ನಿರ್ಧಾರ ನಮ್ಮ ಕೈಯಲ್ಲಿ ಎಂದು ಕುಣಿದ ದೇಶ ಹೊರಬಂದದ್ದು ರಾತ್ರಿ 11 ಗಂಟೆಗೆ. ಯಾಕೆ 11? ಬ್ರಸೆಲ್ಸ್‌ನಲ್ಲಿ ಆಗ 12. ಬಿಗ್ ಬೆನ್ ಗಂಟೆ ಬಾರಿಸೋಣ ಎಂದರೆ ಅದು ರಿಪೇರಿಯಲ್ಲಿತ್ತು. ಬಾರಿಸಲು ಸುಮಾರು 5 ಲಕ್ಷ ಪೌಂಡ್ ಆಗುತ್ತೆ ಅಂದರು. ಜನರಿಂದ ಚಂದಾ ಎತ್ತಿದ್ದೂ ಕೈಗೂಡದೆ, ಪ್ರಧಾನಿ ಮನೆಯ ಗೋಡೆ ಮೇಲೆ ಗಡಿಯಾರದ ಚಿತ್ರ ಬಿಟ್ಟರು. ಸ್ವಾತಂತ್ರ್ಯದ ಗುರುತಾಗಿ ನೀಲಿ ಪಾಸ್‌ಪೋರ್ಟ್ ಬಂತು. ಅದು ಅಚ್ಚಾಗಿದ್ದು ಪೋಲೆಂಡಿನಲ್ಲಿ.

ಗಡಿ ಏನಾಯಿತು? ಸಮುದ್ರದ ಗಡಿಗೆ ಯಾವ ಕನ್ಸರ್ವೇಟಿವ್ ಸರ್ಕಾರವೂ ಒಪ್ಪಬಾರದು ಎಂದು ಡಿಯುಪಿ ಸಮಾವೇಶದಲ್ಲಿ ಚಪ್ಪಾಳೆ ಗಿಟ್ಟಿಸಿದ್ದ ಜಾನ್ಸನ್ನೇ ಅದನ್ನು ಸಮುದ್ರಕ್ಕೆ ಹಾಕಿದರು. ಬಿಚ್ಚಲಾಗದ ಆ ಗಂಟು ಕೊನೆಗೆ ನಮ್ಮ ಬೆಂಗಳೂರಿನ ಅಳಿಯಂದಿರ ಕೈಗೆ ಬಂತು. ಆಗ ಪ್ರಧಾನಿಯಾಗಿದ್ದ ರಿಷಿ ಸುನಕ್ 2016ರಲ್ಲಿ ಹೊರಡೋಣ ಎಂದವರು, ಮೇ ಅವರ ಒಪ್ಪಂದಕ್ಕೆ ಮೂರೂ ಸಲ ಹೌದು ಎಂದವರು. ನಾರಾಯಣ ಮೂರ್ತಿಯವರ ಅಳಿಯ ಅಂದ ಮೇಲೆ ಲೆಕ್ಕ ಗೊತ್ತಿರಲೇಬೇಕು. 2023ರ ಫೆಬ್ರವರಿಯಲ್ಲಿ ಒಕ್ಕೂಟದ ಜೊತೆ ವಿಂಡ್ಸರ್ ಒಪ್ಪಂದ ಮಾಡಿಕೊಂಡು, ಮರುದಿನ ಉತ್ತರ ಐರ್ಲೆಂಡಿನ ಕೋಕಾ-ಕೋಲಾ ಕಾರ್ಖಾನೆಯಲ್ಲಿ ಭಾಷಣ ಮಾಡಿದರು. ಬ್ರಿಟನ್ ಮಾರುಕಟ್ಟೆಯೂ ನಿಮಗೆ, ಯುರೋಪಿನ ಮಾರುಕಟ್ಟೆಯೂ ನಿಮಗೆ, ಇಂಥ ಭಾಗ್ಯ ಜಗತ್ತಿನಲ್ಲಿ ಬೇರೆ ಯಾರಿಗೂ ಇಲ್ಲ ಎಂದು ಉತ್ಸಾಹದಿಂದ ಹೇಳಿದರು. ನಾಲ್ಕು ವರ್ಷದ ಹಿಂದೆ ಈ ಭಾಗ್ಯ ಲಂಡನ್ನಿನವರಿಗೂ ಇತ್ತು, ಅಳಿಯಂದಿರ ಸ್ವಂತ ಕ್ಷೇತ್ರ ಯಾರ್ಕ್‌ಷೈರಿನ ರಿಚ್ಮಂಡಿನವರಿಗೂ ಇತ್ತು.

ಅಂದಹಾಗೆ, ಆ ಭಾಗ್ಯವಂತ ಉತ್ತರ ಐರ್ಲೆಂಡಿನಲ್ಲಿ ಅವತ್ತು ಸರ್ಕಾರವೇ ಇರಲಿಲ್ಲ. ಸಮುದ್ರದ ಗಡಿ ಬೇಡವೆಂದು ಡಿಯುಪಿ ಒಂದು ವರ್ಷದ ಹಿಂದೆ ಮಂತ್ರಿಮಂಡಲದಿಂದ ಎದ್ದು ಬಂದಿತ್ತು. ವಾಪಸ್ ಹೋಗಿದ್ದು 2024ರ ಫೆಬ್ರವರಿಗೆ. ಅಲ್ಲಿಯವರೆಗೆ ಶಾಸಕರಿಗೆ ಕೆಲಸ ಇರಲಿಲ್ಲ, ಸಂಬಳ ಬರುತ್ತಿತ್ತು, ಆಮೇಲಾಮೇಲೆ ಕಡಿತ ಆಗಿ.