ಟೈಮ್ ತಪ್ಪಿದರೆ ಬ್ಯಾಟರಿ ಹೋಗಿದೆ ಎಂದಲ್ಲ

'ವಿಂಡೋಸ್ ಜೊತೆ ಲಿನಕ್ಸ್ ಹಾಕಿದ ಮೇಲೆ ಟೈಮ್ ತಪ್ಪು ತೋರಿಸಿದರೆ ಮದರ್‌ಬೋರ್ಡ್ ಬ್ಯಾಟರಿ ಹೋಗಿದೆ, ಬದಲಿಸಿ' ಅನ್ನುವ ಮೆಸೇಜ್ ಓಡಾಡುತ್ತಿದೆ. (ಲಿನಕ್ಸ್ ಅಂದರೆ ವಿಂಡೋಸ್ ತರಹದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್.) ಇದು ಸರಿಯಲ್ಲ.

ಮದರ್‌ಬೋರ್ಡಿನ (ಕಂಪ್ಯೂಟರ್ ಒಳಗಿನ ಮುಖ್ಯ ಬೋರ್ಡ್) ಗಡಿಯಾರದಲ್ಲಿ ಇರುವುದು ಸ್ಥಳೀಯ ಸಮಯ ಅಂತ ವಿಂಡೋಸ್ ತಿಳಿಯುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಅದನ್ನೇ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ) ಅಂತ ಓದುತ್ತದೆ. ಒಂದು ಬರೆದಿಟ್ಟಿದ್ದನ್ನು ಇನ್ನೊಂದು ಬೇರೆ ಲೆಕ್ಕದಲ್ಲಿ ಓದುತ್ತದೆ, ಅಷ್ಟೇ. ಬೇಕಾದರೆ ನೀವೇ ನೋಡಿ: ವ್ಯತ್ಯಾಸ ನಿಮ್ಮ ಸ್ಥಳೀಯ ಸಮಯಕ್ಕೂ ಯುಟಿಸಿಗೂ ಇರುವ ಅಂತರದಷ್ಟೇ ಇರುತ್ತದೆ. ಬ್ಯಾಟರಿ ನಿಜವಾಗಿ ಹೋಗಿದ್ದರೆ, ಕರೆಂಟ್ ಪೂರ್ತಿ ತೆಗೆದಾಗಲೆಲ್ಲ ತಾರೀಕೇ ಯಾವುದೋ ಹಳೇ ವರ್ಷಕ್ಕೆ ಹೋಗಿ ಕೂರುತ್ತದೆ.

ಎರಡೂ ಒಂದೇ ಲೆಕ್ಕ ಹಿಡಿಯುವಂತೆ ಸೆಟ್ಟಿಂಗ್ ಬದಲಿಸಿದರೆ ಸಾಕು. ಲಿನಕ್ಸ್‌ನಲ್ಲಾದರೆ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ವಿಂಡೋ) ಒಂದೇ ಸಾಲಿನ ಕಮಾಂಡ್. ಸುಮ್ನೆ ಲ್ಯಾಪ್‌ಟಾಪ್ ಬಿಚ್ಚಬೇಡಿ. ಆ ಮೆಸೇಜ್ ನಿಮಗೂ ಬಂದಿದ್ದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ.